ಓದುಗರ ಪತ್ರ, ನನ್ನ ಉತ್ತರ: ಕೊರಿಯಾದ ಸಭಾಂಗಣ, ನಮ್ಮೂರಿನ ಪಂಚಾಯ್ತಿ

ಹೋದ ಸಂಚಿಕೆಯ ಕೊನೆಯಲ್ಲಿ ‘ಇನ್‌ಟು ದ ರಿಂಗ್’, ‘ಸಿಟಿ ಹಾಲ್’ ಎಂಬ ಎರಡು ಕೊರಿಯನ್ ಧಾರಾವಾಹಿಗಳ ಹೆಸರು ಬರೆದು, ಪ್ರೀತಿ, ನಗು, ಊರ ರಾಜಕೀಯ ಮೂರೂ ಇವೆ, ನೋಡಿ ಎಂದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಹೆಚ್ಚು. ಅಂಕಣ ಪೂರ್ತಿ ಅವಕ್ಕೇ ಮೀಸಲು. ತೀರ್ಥಹಳ್ಳಿ ತಾಲ್ಲೂಕಿನ ಗ್ರಾಮ ಪಂಚಾಯ್ತಿಯೊಂದರಲ್ಲಿ ಒಂದು ಅವಧಿಗೆ ಸದಸ್ಯೆಯಾಗಿದ್ದವಳು ನಾನು. ಉತ್ತರಗಳಲ್ಲಿ ಆ ಅನುಭವವೂ ಬರುತ್ತದೆ.

ಎರಡರಲ್ಲಿ ಮೊದಲು ಯಾವುದನ್ನು ನೋಡಲಿ? ಪರೀಕ್ಷೆ ಹತ್ತಿರ ಬಂತು, ಒಂದಕ್ಕೇ ಸಮಯ. ಕೊನೆ ಏನಾಗುತ್ತದೆ ಅಂತ ಮಾತ್ರ ಹೇಳಬೇಡಿ.
— ಪದವಿ ವಿದ್ಯಾರ್ಥಿನಿ, ಸಾಗರ

ಒಂದೇ ಅಂದರೆ ‘ಇನ್‌ಟು ದ ರಿಂಗ್’. ದಕ್ಷಿಣ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ 2020ರ ಜುಲೈ-ಆಗಸ್ಟ್‌ನಲ್ಲಿ ಬಂದದ್ದು, 16 ಕಂತು. ನಾಯಕಿ ಗು ಸೇರಾ. ರಾಜಧಾನಿ ಸೋಲ್ ನಗರದ ಮಾವನ್ ಎಂಬ ವಿಭಾಗದವಳು (ಆ ವಿಭಾಗ ಕಲ್ಪನೆಯದು). ಎಲ್ಲೂ ಕಾಯಂ ನೌಕರಿ ಇಲ್ಲ, ಕೈಯಲ್ಲಿ ಕಾಸಿಲ್ಲ, ಕಣ್ಣೆದುರು ತಪ್ಪು ಕಂಡರೆ ಸುಮ್ಮನಿರುವ ಸ್ವಭಾವ ಮೊದಲೇ ಇಲ್ಲ. ದೂರು ಕೊಟ್ಟು ಕೊಟ್ಟು ವಿಭಾಗ ಕಚೇರಿಯವರಿಗೆಲ್ಲ ಅವಳ ಹೆಸರು ಪರಿಚಿತ. ಆಗ ಅಲ್ಲಿನ ಜನಪ್ರತಿನಿಧಿಗಳ ಸಭೆಗೆ ಉಪಚುನಾವಣೆ ಬರುತ್ತದೆ. ವರ್ಷಕ್ಕೆ 90 ದಿನ ಹಾಜರಿ ಹಾಕಿದರೆ 5 ಕೋಟಿ ವನ್ ಸಿಗುತ್ತದಂತೆ. ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ಆ ಹಣಕ್ಕಾಗಿಯೇ ನಾಮಪತ್ರ ಹಾಕುತ್ತಾಳೆ. ಮೊದಲ ಕಂತಿನಲ್ಲೇ ಈ ಹುಡುಗಿ ನನಗೆ ಹತ್ತಿರವಾದದ್ದು ಇದಕ್ಕೇ. ಊರು ಉದ್ಧಾರ ಮಾಡುತ್ತೇನೆಂದು ಅವಳು ಹೊರಡುವುದಿಲ್ಲ. ಬಾಡಿಗೆ ಕಟ್ಟಬೇಕು, ಅದಕ್ಕೆ ಹೊರಡುತ್ತಾಳೆ. ಊರಿನ ಚಿಂತೆ ಅವಳಿಗೆ ಕೆಲಸ ಮಾಡುತ್ತ ಮಾಡುತ್ತ ಅಂಟಿಕೊಳ್ಳುತ್ತದೆ.

ಸೇರಾ ಆಗಿ ನಾನಾ ನಟಿಸಿದ್ದಾರೆ. ಎದುರಿಗೆ ಪಾರ್ಕ್ ಸುಂಗ್‌ಹೂನ್, ನಿಯಮದ ಪುಸ್ತಕದಿಂದ ಒಂದಕ್ಷರ ಆಚೆ ಹೋಗದ ಸರ್ಕಾರಿ ನೌಕರ ಸೊ ಗೊಂಗ್‌ಮ್ಯೊಂಗ್ ಪಾತ್ರದಲ್ಲಿ. 2024ರ ‘ಸ್ಕ್ವಿಡ್ ಗೇಮ್’ ಎರಡನೇ ಸೀಸನ್ ನೋಡಿದ್ದರೆ ಆ ಮುಖ ನಿಮಗೆ ಗುರುತು ಸಿಗುತ್ತದೆ.

‘ಸಿಟಿ ಹಾಲ್’ ಪರೀಕ್ಷೆ ಮುಗಿದ ಮೇಲಿನದ್ದು. 2009ರದು, ಎಸ್‌ಬಿಎಸ್ ವಾಹಿನಿ, 20 ಕಂತು. ಬರೆದವರು ಕಿಮ್ ಯುನ್‌ಸುಕ್, ಆ ದೇಶದ ಹೆಸರಾಂತ ಧಾರಾವಾಹಿ ಲೇಖಕಿ. ಕಡಲತೀರದ ಇಂಜು ಎಂಬ ಕಲ್ಪಿತ ಊರು, ಅಲ್ಲಿನ ನಗರಸಭೆಯಲ್ಲಿ ಕಾಫಿ ಮಾಡಿಕೊಡುವ ಕೆಳದರ್ಜೆ ನೌಕರಿಯ ಶಿನ್ ಮಿರೇ. ಊರು ನಡೆಸುವ ಸುಂದರಿ ಸ್ಪರ್ಧೆಗೆ ಬಹುಮಾನದ ಹಣಕ್ಕಾಗಿ ನಿಲ್ಲುತ್ತಾಳೆ, ಗೆಲ್ಲುತ್ತಾಳೆ, ಹಣ ಮಾತ್ರ ಕೈಗೆ ಬರುವುದಿಲ್ಲ. ಅದನ್ನು ಕೇಳಿ ಒಬ್ಬಳೇ ಪ್ರತಿಭಟನೆಗೆ ನಿಂತವಳು ಮುಂದೆ ಅದೇ ನಗರದ ಮೇಯರ್ ಕುರ್ಚಿಯವರೆಗೆ ಹೋಗುತ್ತಾಳೆ. ಮಿರೇ ಆಗಿ ಕಿಮ್ ಸುನ್‌ಆ, ಅವಳನ್ನು ಮೊದಲು ದಾಳವಾಗಿ ಬಳಸಿ ಆಮೇಲೆ ಮನಸೋಲುವ ಉಪಮೇಯರ್ ಜೋ ಗುಕ್ ಆಗಿ ಚಾ ಸುಂಗ್‌ವನ್.

ಓದಿಗೆ ತೊಂದರೆ ಮಾಡಿಕೊಳ್ಳಬೇಡಿ. ದಿನಕ್ಕೊಂದು ಕಂತು, ರಾತ್ರಿ ಊಟದ ಮೇಲೆ.

ಮಕ್ಕಳ ಜೊತೆ ಕೂತು ನೋಡಬಹುದೇ?
— ಗೃಹಿಣಿ, ಭದ್ರಾವತಿ

ಹೈಸ್ಕೂಲು ಮಕ್ಕಳಾದರೆ ಧಾರಾಳವಾಗಿ. ಪ್ರೀತಿಯ ದೃಶ್ಯಗಳು ಎರಡರಲ್ಲೂ ಹಿತಮಿತ. ಕುಡಿತ ಮಾತ್ರ ಆಗಾಗ ಬರುತ್ತದೆ, ಕೆಲಸ ಮುಗಿಸಿದವರು ಹಸಿರು ಬಾಟಲಿ ಎದುರಿಟ್ಟುಕೊಂಡು ಕೂರುವುದು. ಅದರ ಬಗ್ಗೆ ಮಕ್ಕಳು ಕೇಳಿದರೆ ಮುಚ್ಚಿಡದೆ ಮಾತಾಡಿ.

ನಾನು ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಾಫಿ ಕೊಡುವ ನೌಕರಳು ಮೇಯರ್ ಆಗುವುದು, ಕೆಲಸವಿಲ್ಲದ ಹುಡುಗಿ ಸಭೆಯ ಅಧ್ಯಕ್ಷೆಯಾಗುವುದು, ಇದೆಲ್ಲ ಆ ದೇಶದ ಪದ್ಧತಿಯಲ್ಲಿ ಸಾಧ್ಯವೇ? ಅಥವಾ ಬರೀ ಕಟ್ಟುಕತೆಯೇ?
— ಶಿಕಾರಿಪುರ

ಕತೆ ಕತೆಯೇ. ಆದರೆ ಅದು ನಿಂತಿರುವ ನೆಲ ಗಟ್ಟಿ ಇದೆ.

ಕೊರಿಯಾದಲ್ಲಿ ಸ್ಥಳೀಯ ಸಭೆಗಳಿಗೆ ಮೊದಲ ಚುನಾವಣೆ ನಡೆದದ್ದು 1952ರಲ್ಲಿ, ಉತ್ತರ ಕೊರಿಯಾದ ಜೊತೆ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ. 1961ರ ಸೈನಿಕ ಕ್ರಾಂತಿಯಾದ ಮೇಲೆ ಆ ಸಭೆಗಳನ್ನೆಲ್ಲ ಬರಖಾಸ್ತು ಮಾಡಿದರು. ಮುಂದಿನ ಮೂವತ್ತಕ್ಕೂ ಹೆಚ್ಚು ವರ್ಷ ಊರಿನ ಮೇಯರ್ ಎಂದರೆ ರಾಜಧಾನಿಯಿಂದ ನೇಮಕವಾಗಿ ಬರುವ ಅಧಿಕಾರಿ. ಸಭೆಗಳಿಗೆ ಮತ್ತೆ ಚುನಾವಣೆ 1991ರಲ್ಲಿ, ಮೇಯರ್ ಮತ್ತು ಪ್ರಾಂತ್ಯದ ಗವರ್ನರುಗಳಿಗೆ ಜನರೇ ನೇರ ಮತ ಹಾಕಿದ್ದು 1995ರಲ್ಲಿ. ಸಭೆಯ ಸದಸ್ಯರಿಗೆ ತಿಂಗಳ ಸಂಭಾವನೆ ಶುರುವಾದದ್ದು 2006ರಿಂದ, ಅದಕ್ಕೆ ಮೊದಲು ಅದು ಗೌರವ ಹುದ್ದೆ. ಸಂಭಾವನೆ ಬಂದ ಮೇಲೆಯೇ ಸೇರಾಳಂಥ ಬಾಡಿಗೆ ಮನೆಯ ಹುಡುಗಿ ಆ ಕುರ್ಚಿಯ ಕಡೆ ನೋಡಲು ಸಾಧ್ಯವಾಯಿತು. ಗೌರವಕ್ಕಷ್ಟೇ ಕೆಲಸ ಎಂದಾಗ ಉಳ್ಳವರು ಮಾತ್ರ ಬಂದು ಕೂರುತ್ತಾರೆ. ನಮ್ಮಲ್ಲೂ ಪಂಚಾಯ್ತಿ ಸದಸ್ಯರ ಗೌರವಧನ ಕೂಲಿ ಹೆಣ್ಣುಮಗಳು ಸಭೆಗೆಂದು ಬಿಟ್ಟುಬಂದ ದಿನಗಳ ಸಂಬಳಕ್ಕೂ ಸರಿಹೊಂದುವುದಿಲ್ಲ. ನನ್ನ ಪಕ್ಕದ ವಾರ್ಡಿನ ಸದಸ್ಯೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಸುಗ್ಗಿಯಲ್ಲಿ ಸಭೆ ಇಟ್ಟರೆ ಅವಳ ಕುರ್ಚಿ ಖಾಲಿ. ಅವಳ ವಾರ್ಡಿನ ಮಾತು ಆ ದಿನ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಠೇವಣಿ ವಿಷಯಕ್ಕೆ ಬಂದರೆ ನಾವು ವಾಸಿ. ಅಲ್ಲಿ ವಿಭಾಗ ಸಭೆಗೆ ನಿಲ್ಲಲು 20 ಲಕ್ಷ ವನ್ ಕಟ್ಟಬೇಕು, ನಮ್ಮ ಒಂದು ಲಕ್ಷ ರೂಪಾಯಿಗೂ ಮೇಲೆ. ಶೇ 15ರಷ್ಟು ಮತ ಬಂದರೆ ಪೂರ್ತಿ ವಾಪಸು, ಶೇ 10 ದಾಟಿದರೆ ಅರ್ಧ. ಗ್ರಾಮ ಪಂಚಾಯ್ತಿಗೆ ನಮ್ಮಲ್ಲಿ ನೂರು, ಇನ್ನೂರು ರೂಪಾಯಿಯಲ್ಲಿ ಆಗುತ್ತದೆ.

ಇನ್ನು ದರ್ಜೆ. ಅಲ್ಲಿ ಸರ್ಕಾರಿ ನೌಕರಿಯ ಏಣಿ ಒಂಬತ್ತನೇ ದರ್ಜೆಯಿಂದ ಒಂದನೆಯದಕ್ಕೆ ಏರುತ್ತದೆ. ‘ಸಿಟಿ ಹಾಲ್’ ಬಂದ ಕಾಲದಲ್ಲಿ ಅದರ ಕೆಳಗೂ ಒಂದು ಹತ್ತನೇ ದರ್ಜೆ ಇತ್ತು, ಮಿರೇ ಅಲ್ಲಿದ್ದವಳು. ಒಂಬತ್ತನೇ ದರ್ಜೆಯ ಪರೀಕ್ಷೆಗೇ ಲಕ್ಷಗಟ್ಟಲೆ ಮಂದಿ ಓದುತ್ತಾರೆ. ಸೋಲ್‌ನ ನೊರ್ಯಾಂಗ್‌ಜಿನ್ ಎಂಬ ಬಡಾವಣೆಯ ತುಂಬ ಕೋಚಿಂಗ್ ತರಗತಿಗಳು, ಕಿರುಕೋಣೆಗಳು, ಬೀದಿಬದಿ ಊಟ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಮಗನನ್ನು ಓದಲು ಬಿಟ್ಟುಬಂದ ತಂದೆತಾಯಿಗೆ ಅದನ್ನು ವಿವರಿಸಬೇಕಿಲ್ಲ. ಅಂಥ ದೇಶದಲ್ಲಿ ಏಣಿಯ ಕಟ್ಟಕಡೆಯ ಮೆಟ್ಟಿಲಿನವಳು ಮೇಯರ್ ಆಗುವುದು ನೋಡುವವರಿಗೆ ಯಾಕೆ ಅಷ್ಟು ಖುಷಿ ಕೊಟ್ಟಿತೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಮುಂದಿನ ಚುನಾವಣೆಗೆ ನಮ್ಮ ವಾರ್ಡಿನಿಂದ ನನ್ನನ್ನು ನಿಲ್ಲಿಸಬೇಕೆಂದು ಊರಿನವರು ಮಾತಾಡಿದ್ದಾರೆ. ಅತ್ತೆ, ‘ನೀನು ಸಹಿ ಹಾಕಿದರೆ ಸಾಕು, ಓಡಾಟವೆಲ್ಲ ಗಂಡ ನೋಡ್ಕೊಳ್ತಾನೆ’ ಅಂತಾರೆ. ನೀವು ಹೇಳಿದ ಧಾರಾವಾಹಿ ನೋಡಿದೆ. ಅಲ್ಲೂ ನಾಯಕನೇ ನಾಯಕಿಗೆ ಎಲ್ಲ ಹೇಳಿಕೊಡುತ್ತಾನಲ್ಲ? ಹಾಗಾದರೆ ವ್ಯತ್ಯಾಸ ಏನು?
— ಕೋಣಂದೂರು ಕಡೆಯ ಓದುಗಿ

ತಂಗಿ, ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಬೇರೆ ಪತ್ರಗಳಿಗಿಂತ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ನೀನು ಕೇಳಿದ ವ್ಯತ್ಯಾಸ ಈ ಎರಡು ಧಾರಾವಾಹಿಗಳ ನಡುವೆಯೇ ಇದೆ. ‘ಸಿಟಿ ಹಾಲ್’ನ ಜೋ ಗುಕ್ ಮಹಾ ಬುದ್ಧಿವಂತ. ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಯಾವಾಗ ಎಬ್ಬಿಸಬೇಕು ಎಲ್ಲ ಅವನ ತಲೆಯಲ್ಲಿದೆ. ಮಿರೇ ಮೇಯರ್ ಆಗುವುದೂ ಅವನ ಲೆಕ್ಕಾಚಾರದಿಂದಲೇ ಶುರು. ಅವರಿಬ್ಬರ ಜಗಳ, ಸರಸ, ಕಣ್ಣೀರು ಎಲ್ಲ ಚೆಂದ. ಕಿಮ್ ಸುನ್‌ಆ ಅಳುವಾಗ ಎದುರು ಕೂತವರ ಕಣ್ಣೂ ಒದ್ದೆಯಾಗುತ್ತದೆ. ಆದರೂ ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ತುಂಬ ಹೊತ್ತು ಅವನು ಮೇಷ್ಟ್ರು, ಅವಳು ವಿದ್ಯಾರ್ಥಿನಿ. ಅವಳೇ ಅವನಿಗೆ ಪಾಠ ಹೇಳುವ ಗಳಿಗೆಗಳು ಬರುತ್ತವೆ, ಅಲ್ಲೆಲ್ಲ ಧಾರಾವಾಹಿ ಮೇಲೇಳುತ್ತದೆ. ಅಂಥವು ಇನ್ನೂ ಬೇಕಿದ್ದವು.

ಸೇರಾ ಕತೆ ಹಾಗಲ್ಲ. ಅವಳು ಸಭೆಯ ಅಧ್ಯಕ್ಷೆಯಾದಾಗ ಗೊಂಗ್‌ಮ್ಯೊಂಗ್ ಅವಳ ಕಾರ್ಯದರ್ಶಿ. ಅವನಿಗೆ ಕಾನೂನು ಗೊತ್ತು, ಕಡತ ಗೊತ್ತು, ಯಾವ ನಿಯಮ ಯಾವ ಪುಟದಲ್ಲಿದೆ ಎಂದು ಬಾಯಿಪಾಠ. ಅದನ್ನೆಲ್ಲ ಅವಳ ಮೇಜಿನ ಮೇಲಿಡುತ್ತಾನೆ. ನಿರ್ಧಾರ ಅವಳದ್ದು. ಸುತ್ತಿಗೆ ಬಡಿಯುವ ಕೈ ಅವಳದ್ದು. ಅವಳು ಅವಸರಪಟ್ಟರೆ ತಡೆಯುತ್ತಾನೆ, ಬೈಯುತ್ತಾನೆ, ಆದರೆ ಅವಳ ಬದಲಿಗೆ ಎದ್ದು ನಿಂತು ಮಾತಾಡುವುದಿಲ್ಲ. ಆ ಸಭೆಯಲ್ಲಿ ಹಿರಿಯ ಸದಸ್ಯರು ಅವಳನ್ನು ಕೈಗೊಂಬೆಯೆಂದೇ ತಿಳಿದು ಕುರ್ಚಿಗೆ ಏರಿಸಿರುತ್ತಾರೆ. ಹಾಗೆ ಏರಿಸಿದವರ ಲೆಕ್ಕ ತಪ್ಪಿಸುವಾಗ ಪಕ್ಕದಲ್ಲಿ ನಿಲ್ಲುವವನು ಎಂಥವನಿರಬೇಕು ಅನ್ನುವುದನ್ನೇ ಈ ಧಾರಾವಾಹಿ ಪ್ರೇಮಕತೆ ಮಾಡಿದೆ. ನಾನು ನೋಡಿದ ಪ್ರೇಮಕತೆಗಳಲ್ಲಿ ಇಷ್ಟು ಮರ್ಯಾದೆಯುಳ್ಳದ್ದು ಕಡಿಮೆ.

ಈಗ ನಿನ್ನ ವಿಷಯ. ಕರ್ನಾಟಕದಲ್ಲಿ ಪಂಚಾಯ್ತಿಯ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಅದು ಕಾಗದದಲ್ಲಿ. ಸಭೆಯಲ್ಲಿ ಏನಾಗುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ‘ಮೆಂಬರ್ರು ಬಂದ್ರು’ ಅಂದರೆ ಬೈಕಿನಿಂದ ಇಳಿಯುವುದು ಗಂಡ. ಕಾನೂನಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಸದಸ್ಯೆಯ ಬದಲಿಗೆ ಗಂಡನೋ ಮಗನೋ ಮೈದುನನೋ ಸಭೆಯಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡು, ನಾಮಪತ್ರ ಹಾಕುವ ಮೊದಲು. ಗೆದ್ದ ಮೇಲೆ ಹೇಳಿದರೆ ಜಗಳವಾಗುತ್ತದೆ. ಮೊದಲೇ ಹೇಳಿದರೆ ಅದು ಒಪ್ಪಂದವಾಗುತ್ತದೆ.

ಸಹಿ ಹಾಕಿದರೆ ಸಾಕು ಅಂತಾರಲ್ಲ ಅತ್ತೆ, ಅಪಾಯ ಇರುವುದೇ ಆ ಸಹಿಯಲ್ಲಿ. ಅಧ್ಯಕ್ಷೆಯಾದರೆ ಪಂಚಾಯ್ತಿ ಖಾತೆಯ ಹಣಕ್ಕೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆಗೆ ನಿನ್ನ ಸಹಿಯೂ ಬೇಕು. ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದರೆ ನೋಟಿಸು ಸಹಿಯ ಹೆಸರಿಗೆ ಬರುತ್ತದೆ, ಓಡಾಡಿದವನ ಹೆಸರಿಗಲ್ಲ. ಸಭೆಯಲ್ಲಿ ಆದದ್ದನ್ನು ಬರೆದಿಡುವ ನಡಾವಳಿ ಪುಸ್ತಕವನ್ನು ಓದದೆ ಯಾವತ್ತೂ ಸಹಿ ಮಾಡಬೇಡ. ನಿಧಾನವಾಗಿ ಓದು, ಕಾಯುವವರು ಕಾಯಲಿ. ನೀನು ಎತ್ತಿದ ವಿಷಯ ಅದರಲ್ಲಿ ಬರೆದಿಲ್ಲವೆಂದರೆ ಬರೆಯಿರಿ ಎಂದು ಕೇಳು.

ನಮ್ಮ ವಾರ್ಡಿನಲ್ಲಿ ಹಳ್ಳದಾಚೆ ನಾಲ್ಕೈದು ಮನೆ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಬರಬೇಕಾದರೆ ಅಡಿಕೆ ಮರ ಜೋಡಿಸಿದ ಸಂಕ ದಾಟಬೇಕು. ಪಾಚಿ ಕಟ್ಟಿ ಜಾರುವುದು, ಕೆಳಗೆ ಕೆಂಪು ನೀರು. ಸಭೆಯಲ್ಲಿ ನಾನು ಕಾಲುಸಂಕದ ವಿಷಯ ಎತ್ತಿದಾಗ ಹಿರಿಯ ಸದಸ್ಯರೊಬ್ಬರು, ‘ಆಯ್ತಮ್ಮ, ನೋಡೋಣ’ ಅಂದರು. ನೋಡೋಣ ಅನ್ನುವುದನ್ನು ನಡಾವಳಿಯಲ್ಲಿ ಬರೆಯುವುದಿಲ್ಲ. ನಾನು ಏಳಲಿಲ್ಲ. ಹೊರಗೆ ಕತ್ತಲಾಗುತ್ತ ಬಂತು, ಕರೆಂಟು ಹೋಯಿತು, ಕಾರ್ಯದರ್ಶಿ ಮೊಬೈಲು ಟಾರ್ಚು ಹಾಕಿಕೊಂಡು ಎರಡು ಸಾಲು ಬರೆದರು. ಆ ಎರಡು ಸಾಲಿದ್ದದ್ದಕ್ಕೆ ಮುಂದೆ ಪಂಚಾಯ್ತಿಯ ವರ್ಷದ ಕೆಲಸಗಳ ಪಟ್ಟಿಯಾದ ಕ್ರಿಯಾಯೋಜನೆಯಲ್ಲಿ ಅದನ್ನು ಸೇರಿಸಲು ಬಂತು, ಎಂಜಿನಿಯರು ಬಂದು ಅಳತೆ ಮಾಡಿದರು. ಈಗ ಅಲ್ಲಿ ಕಾಂಕ್ರೀಟಿನ ಕಾಲುಸಂಕ ಇದೆ, ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ ಸಮೇತ.

ಆ ಐದು ವರ್ಷವೂ ನಮ್ಮ ಮನೆಯವರು ಪಂಚಾಯ್ತಿ ಕಟ್ಟೆ ಹತ್ತಲಿಲ್ಲ. ನಾನು ಮನೆ ಸೇರುವ ಹೊತ್ತಿಗೆ ಬಚ್ಚಲೊಲೆಗೆ ಉರಿ ಹಾಕಿ, ಅನ್ನ ಬಸಿದು, ‘ಎಂಥಾತು ಇವತ್ತು?’ ಅಂತ ಕೇಳುತ್ತಿದ್ದರು. ಕೇಳಿ ಅಭಿಪ್ರಾಯ ಹೇಳುತ್ತಿದ್ದರು, ಕೆಲವು ಸಲ ನನ್ನದಕ್ಕೆ ತದ್ವಿರುದ್ಧವಾಗಿ. ಬೆಳಿಗ್ಗೆ ಎದ್ದು ನಾನು ನನಗೆ ಸರಿ ಕಂಡದ್ದನ್ನು ಮಾಡುತ್ತಿದ್ದೆ. ಗೊಂಗ್‌ಮ್ಯೊಂಗ್ ಕಡತ ಹಿಡಿದು ಬಾಗಿಲಲ್ಲಿ ನಿಲ್ಲುವ ದೃಶ್ಯ ಬಂದಾಗಲೆಲ್ಲ ನನಗೆ ಅವರ ನೆನಪೇ.

ನಿನ್ನ ಯಜಮಾನರಿಗೆ ಈ ಧಾರಾವಾಹಿ ತೋರಿಸು. ಪಾಠ ಹೇಳಲು ತೋರಿಸುತ್ತಿದ್ದೀಯೆಂದು ಅನ್ನಿಸದ ಹಾಗೆ, ಸುಮ್ಮನೆ ಜೊತೆಗೆ ಕೂತು ನೋಡು. ನಿಂತೇ ನಿಲ್ಲು. ಗೆದ್ದರೆ ಬರಿ, ಸೋತರೂ ಬರಿ.

ನೀವು ಕೊರಿಯಾ ಕೊರಿಯಾ ಅನ್ನುತ್ತೀರಿ. ನಮ್ಮಲ್ಲಿ ಕೊಳೆರೋಗಕ್ಕೆ ತೋಟ ಹೋಯಿತು, ಮಂಗನ ಕಾಟ, ಬಗರ್‌ಹುಕುಂ ಅರ್ಜಿ ಕೊಳೆಯುತ್ತಿದೆ. ಕಾಗೋಡು ಚಳವಳಿ ನಡೆದ ಜಿಲ್ಲೆ ಇದು. ರಾಜಕೀಯವನ್ನು ಪ್ರೇಮ, ಹಾಸ್ಯ ಅಂತ ನೋಡುವುದು ಸರಿಯೇ?
— ಕೃಷಿಕರು, ಸೊರಬ

ನಿಮ್ಮ ಸಿಟ್ಟಿಗೆ ಕಾರಣ ಇದೆ. ಅದನ್ನು ಗೌರವಿಸಿಯೇ ಹೇಳುತ್ತೇನೆ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಅಳತೆಯ ಕೊಳಗದ ವಿಷಯಕ್ಕೆ. ಗದ್ದೆಯ ಅಂಚಿನಲ್ಲಿ ಶುರುವಾದದ್ದು ದೇಶಕ್ಕೆ ಕೇಳಿಸಿತು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರನ್ನು ನಮ್ಮ ಜನ ವಿಧಾನಸಭೆಗೆ ಕಳಿಸಿದರು. ಗೇಣಿ ಅಳೆಯುವ ಪಾತ್ರೆ ಎಷ್ಟು ದೊಡ್ಡದಿರಬೇಕು ಎಂಬುದು ಹೊರಗಿನವರಿಗೆ ಚಿಲ್ಲರೆ ವಿಷಯವಾಗಿ ಕಂಡಿರಬಹುದು. ದುಡಿದವನಿಗೆ ಅದು ಊಟ.

ಕೊರಿಯಾದವರೂ ಈ ಚುನಾವಣೆಗಳನ್ನು ಪುಕ್ಕಟೆಯಾಗಿ ಪಡೆಯಲಿಲ್ಲ. 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸಿತು. 1987ರ ಜೂನ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದು ದೇಶದ ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು ಪಡೆದರು. ಅಷ್ಟಾದರೂ ಊರಿನ ಸಭೆಗಳಿಗೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. 1990ರಲ್ಲಿ ವಿರೋಧ ಪಕ್ಷದ ನಾಯಕ ಕಿಮ್ ಡೇಜುಂಗ್ ಸ್ಥಳೀಯ ಸ್ವಾಯತ್ತತೆ ಕೊಡಿ ಎಂದು ಉಪವಾಸ ಕೂತರು, 13 ದಿನ. ಮುಂದೆ ಅವರು ದೇಶದ ಅಧ್ಯಕ್ಷರಾದರು, 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ದೊಡ್ಡ ಕುರ್ಚಿಯ ಮೇಲೆ ಕಣ್ಣಿದ್ದ ಮನುಷ್ಯ ಪುಟ್ಟ ಊರುಗಳ ಸಭೆಗಾಗಿ ಅನ್ನ ಬಿಟ್ಟರು ಅನ್ನುವುದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ.

ನಮ್ಮಲ್ಲಿ ಪಂಚಾಯ್ತಿ ರಾಜ್ ಮಂತ್ರಿಯಾಗಿ ಅಬ್ದುಲ್ ನಜೀರ್‌ಸಾಬರು ಇದ್ದರು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್‌ಸಾಬ್’ ಅನ್ನಿಸಿಕೊಂಡವರು. ಅವರು ತಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದಾಗ ದೇಶವೇ ಕರ್ನಾಟಕದ ಕಡೆ ನೋಡಿತು. ಅದೇ ರಾಜ್ಯದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು, ಹೀಗೆ ಒಂದರ ಮೇಲೊಂದು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ. ನಿಮ್ಮ ಕೊಳೆರೋಗದ ಪರಿಹಾರ ಕೇಳಲು ಜಿಲ್ಲಾ ಪಂಚಾಯ್ತಿಯಲ್ಲಿ ನಿಮ್ಮ ಕ್ಷೇತ್ರದವರೊಬ್ಬರು ಇರಬೇಕಿತ್ತು, ಇರಲಿಲ್ಲ. ನನಗೂ ಸಿಟ್ಟು ಬರುವುದು ಅಲ್ಲೇ.

ಹಾಸ್ಯದ ಬಗ್ಗೆ ಒಂದು ಮಾತು. ಈ ಧಾರಾವಾಹಿಗಳಲ್ಲಿ ದೂರು ಕೊಡುವವರನ್ನು ನೋಡಿ ನಗಿಸುವುದಿಲ್ಲ. ದೂರಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವವರು ನಗೆಗೀಡಾಗುತ್ತಾರೆ. ಆ ನಗು ನಮ್ಮ ಕಡೆಯದ್ದು. ಒಂದು ಕಂತು ನೋಡಿ, ಆಮೇಲೂ ಸಿಟ್ಟಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

ಸೇರಾ ಹಾಗೆ ನಾನೂ ದೂರು ಬರೆಯುವವನೇ. ಬೀದಿದೀಪ, ಚರಂಡಿ, ಕಸ. ಮನೆಯಲ್ಲಿ ‘ನಿನಗ್ಯಾಕೆ’ ಅನ್ನುತ್ತಾರೆ. ದೂರಿನಿಂದ ನಿಜವಾಗಿ ಏನಾದರೂ ಆಗುತ್ತದೆಯೇ?
— ವಿನೋಬನಗರ, ಶಿವಮೊಗ್ಗ

ಆಗುತ್ತದೆ, ಬಾಯಿಮಾತಿನದ್ದಲ್ಲ, ಬರವಣಿಗೆಯದ್ದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ನನ್ನ ಇಂಥ ದಿನಾಂಕದ ಅರ್ಜಿಯ ಮೇಲೆ ಏನು ಕ್ರಮ ಆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು, ಕೊಡದಿದ್ದರೆ ಮೇಲ್ಮನವಿ. ದೀಪ ಹಾಕಿ ಎಂದು ಕೇಳುವ ಅರ್ಜಿಗಿಂತ, ಅರ್ಜಿ ಏನಾಯಿತು ಎಂದು ಕೇಳುವ ಅರ್ಜಿಗೆ ಕಚೇರಿಗಳು ಬೇಗ ಎಚ್ಚರಗೊಳ್ಳುತ್ತವೆ. ಇದು ಮೇಜಿನ ಆಚೆ ಕೂತು ನಾನು ಕಂಡದ್ದು.

ಕೊರಿಯಾದವರ ಕೈಯಲ್ಲಿ ಇನ್ನೂ ಒಂದು ಅಸ್ತ್ರ ಇದೆ. ಆರಿಸಿದ ಮೇಯರನ್ನು, ಸದಸ್ಯರನ್ನು ಅವಧಿಯ ನಡುವೆಯೇ ವಾಪಸು ಕರೆಯುವ ಕಾಯ್ದೆ. 2007ರಿಂದ ಜಾರಿಯಲ್ಲಿದೆ. ಮೇಯರ್ ಮೇಲೆ ಮತದಾನ ನಡೆಯಬೇಕಾದರೆ ಶೇ 15ರಷ್ಟು ಮತದಾರರ ಸಹಿ, ಸ್ಥಳೀಯ ಸದಸ್ಯರ ಮೇಲಾದರೆ ಶೇ 20. ಆ ಮತದಾನಕ್ಕೆ ಮೂರನೇ ಒಂದರಷ್ಟು ಜನರಾದರೂ ಬರಬೇಕು, ಇಲ್ಲದಿದ್ದರೆ ಡಬ್ಬಿ ತೆರೆಯುವುದೇ ಇಲ್ಲ. ಮೊದಲ ಪ್ರಯೋಗ ಆ ವರ್ಷದ ಡಿಸೆಂಬರ್‌ನಲ್ಲಿ, ಸೋಲ್ ಪಕ್ಕದ ಹಾನಮ್ ನಗರದಲ್ಲಿ. ಚಿತಾಗಾರ ತರುವ ಯೋಜನೆಗೆ ಜನರ ವಿರೋಧ. ಮೇಯರ್ ಮೇಲಿನ ಮತದಾನಕ್ಕೆ ಬೇಕಾದಷ್ಟು ಮಂದಿ ಬರಲಿಲ್ಲ, ಅವರು ಉಳಿದುಕೊಂಡರು. ಬೇಕಾದಷ್ಟು ಜನ ಬಂದ ಕ್ಷೇತ್ರದಲ್ಲಿ ಇಬ್ಬರು ಸದಸ್ಯರು ಸ್ಥಾನ ಕಳೆದುಕೊಂಡರು. ಚಿತಾಗಾರವೂ ಎಲ್ಲೋ ಒಂದು ಕಡೆ ಬೇಕಲ್ಲ ಎಂದು ನೀವು ಕೇಳಬಹುದು. ಆ ಪ್ರಶ್ನೆಯೂ ಸರಿಯೇ. ನನ್ನ ಪಕ್ಕದ ಮನೆಯ ಎದುರು ಕಸ ವಿಲೇವಾರಿ ಘಟಕ ಬರಲಿ, ನನ್ನ ಮನೆಯೆದುರು ಬೇಡ ಎಂಬ ಅರ್ಜಿಗಳನ್ನೂ ನಾನು ಓದಿದ್ದೇನೆ. ದೂರು ಬರೆಯುವಾಗ ಅದೊಂದನ್ನು ನೋಡಿಕೊಳ್ಳಿ.

ಮನೆಯವರಿಗೆ ಹೇಳಿ: ಬೀದಿದೀಪ ಉರಿದರೆ ಮನೆಯವರೂ ಅದೇ ಬೆಳಕಲ್ಲಿ ನಡೆಯುತ್ತಾರೆ.

ಇಂಥ ಧಾರಾವಾಹಿ ಕನ್ನಡದಲ್ಲಿ ಯಾಕೆ ಬರುವುದಿಲ್ಲ? ಬಂದರೆ ನಮ್ಮ ಮಲೆನಾಡಿನಲ್ಲಿ ಎಲ್ಲಿ ತೆಗೆಯಬಹುದು?
— ಶಿಕ್ಷಕಿ, ಹೊಸನಗರ

ಈ ಪ್ರಶ್ನೆಗೆ ನಾನು ಬಹಳ ದಿನದಿಂದ ಕಾಯುತ್ತಿದ್ದೆ!

ಅಲ್ಲಿ ವಾರಕ್ಕೆ ಎರಡು ಕಂತು, ಹದಿನಾರೋ ಇಪ್ಪತ್ತೋ ಆದ ಮೇಲೆ ಮುಗಿಯಿತು. ಬರೆಯುವವರಿಗೆ ಕೊನೆ ಗೊತ್ತಿರುತ್ತದೆ, ಅದರ ಕಡೆಗೆ ನಡೆಯುತ್ತಾರೆ. ನಮ್ಮಲ್ಲಿ ದಿನವೂ ಬರಬೇಕು, ನೂರಾರು ಕಂತು ಎಳೆಯಬೇಕು. ಹಾಗೆ ಎಳೆಯಲು ಅತ್ತೆ-ಸೊಸೆ ಸಾಲುತ್ತಾರೆ, ಕ್ರಿಯಾಯೋಜನೆ ಸಾಲುವುದಿಲ್ಲ. ನೋಡುವವರಿಗೆ ಇಷ್ಟವಾಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗ್ರಾಮ ಸಭೆಯ ಜಗಳ ನೋಡಲು ಕಿಟಕಿಯಲ್ಲಿ ಎಷ್ಟು ತಲೆಗಳಿರುತ್ತವೆಂದು ನೀವೂ ಕಂಡಿರುತ್ತೀರಿ.

ಜಾಗಕ್ಕೇನು ಕಡಿಮೆ. ಶಂಕರ್‌ನಾಗ್ ಎಂಬತ್ತರ ದಶಕದಲ್ಲಿ ಆಗುಂಬೆಗೆ ಬಂದು ಒಂದು ಇಡೀ ಊರನ್ನೇ ಕಟ್ಟಿ ದೇಶಕ್ಕೆ ತೋರಿಸಿದರು. ನನಗೆ ಬೇಕಾದದ್ದು ಅದಕ್ಕಿಂತ ಸಣ್ಣದು. ಹಂಚಿನ ಮಾಡಿನ ಪಂಚಾಯ್ತಿ ಕಚೇರಿ, ಎದುರಿಗೊಂದು ಹಲಸಿನ ಮರ, ಪಕ್ಕದಲ್ಲಿ ಸೊಸೈಟಿ. ಮನೆ ಮನೆಗೆ ಅರ್ಧ ಮೈಲಿ ದೂರ. ಕಾಯ್ದೆ ಬರೆದವರಿಗೂ ಅದು ಗೊತ್ತಿತ್ತು. ಬಯಲುಸೀಮೆಯಲ್ಲಿ ಒಂದು ಪಂಚಾಯ್ತಿಗೆ ಐದು ಸಾವಿರ ಜನ ಬೇಕಾದರೆ ಮಲೆನಾಡಿಗೆ ಎರಡೂವರೆ ಸಾವಿರ ಸಾಕು ಎಂದಿಟ್ಟರು. ಆ ಕಚೇರಿಗೆ ಕಲಬುರಗಿ ಕಡೆಯ ಹುಡುಗನೊಬ್ಬ ಪಿಡಿಒ ಆಗಿ ಬರುತ್ತಾನೆ. ಜೂನ್ ತಿಂಗಳು. ಜಿಗಣೆ ನೋಡಿರದವನು, ವಾರಗಟ್ಟಲೆ ಸೂರ್ಯ ಕಾಣದ್ದು ಗೊತ್ತಿಲ್ಲದವನು. ಬಟ್ಟೆ ಒಣಗುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, ಆನ್‌ಲೈನಿನಲ್ಲಿ ಬಿಲ್ಲು ಏರಿಸಲು ಗುಡ್ಡದ ತುದಿಗೆ ಹೋಗಬೇಕು. ಅದೇ ಗುಡ್ಡಕ್ಕೆ ನೆಟ್‌ವರ್ಕಿಗಾಗಿಯೇ ಬರುವವಳು ಹೊಸದಾಗಿ ಗೆದ್ದ ಸದಸ್ಯೆ, ಇಪ್ಪತ್ತೆರಡರವಳು. ನಮ್ಮಲ್ಲಿ 21ಕ್ಕೆ ಪಂಚಾಯ್ತಿಗೆ ನಿಲ್ಲಬಹುದು. ಕೊರಿಯಾದಲ್ಲಿ 2021ರ ಕೊನೆಯವರೆಗೂ 25 ಆಗಬೇಕಿತ್ತು, ಈಗ 18ಕ್ಕೆ ಇಳಿಸಿದ್ದಾರೆ. ಅವಳಿಗೆ ತನ್ನ ವಾರ್ಡಿನ ಕುಡಿಯುವ ನೀರಿನ ಪೈಪ್‌ಲೈನ್ ಆಗಬೇಕು. ಅವನಿಗೆ ಮೇಲಿಂದ ಬಂದ ಆದೇಶದ ಪ್ರಕಾರ ಬೇರೇನೋ ಮುಗಿಸಬೇಕು. ಇಬ್ಬರೂ ಜಗಳವಾಡುತ್ತ ಗುಡ್ಡ ಇಳಿಯುತ್ತಾರೆ. ಪಾರ್ಟಿ ಚಿಹ್ನೆ ಇಲ್ಲದ ಚುನಾವಣೆ ಎಂದು ಕಾನೂನು ಹೇಳಿದರೂ ಯಾರು ಯಾವ ಪಾರ್ಟಿಯೆಂದು ಇಡೀ ಊರಿಗೆ ಗೊತ್ತಿರುವುದು, ಅಧ್ಯಕ್ಷರ ಆಯ್ಕೆಗೆ ಮೊದಲು ಸದಸ್ಯರನ್ನು ಪ್ರವಾಸಕ್ಕೆ ಕರೆದೊಯ್ಯುವುದು, ಕೊನೇ ಗಳಿಗೆಯಲ್ಲಿ ಒಬ್ಬರು ಕೈಕೊಡುವುದು, ಇದನ್ನೆಲ್ಲ ಕತೆ ಕಟ್ಟಬೇಕಾದ್ದೇ ಇಲ್ಲ.

ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಧಾರಾಳವಾಗಿ ಎತ್ತಿಕೊಳ್ಳಿ. ಒಂದೇ ಬೇಡಿಕೆ: ಪೈಪ್‌ಲೈನ್ ಕೆಲಸವನ್ನು ಪೂರ್ತಿ ತೋರಿಸಿ. ಅಂದಾಜುಪಟ್ಟಿ, ಟೆಂಡರು, ಅರ್ಧಕ್ಕೆ ನಿಂತದ್ದು, ಮತ್ತೆ ಶುರುವಾದದ್ದು, ಮೊದಲ ಕೊಡ ತುಂಬಿದ್ದು. ಪ್ರೀತಿ ಅದರ ನಡುವೆ ತಾನಾಗಿ ಬೆಳೆಯಲಿ.

ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಆದರೂ ನೋಡಬೇಕು ಅಂತಾರೆ. ಏನು ಮಾಡಲಿ?
— ರಿಪ್ಪನ್‌ಪೇಟೆ

ಪಕ್ಕದಲ್ಲಿ ಕೂತು ನೀವೇ ಹೇಳಿ. ಪ್ರತಿ ಮಾತನ್ನೂ ಹೇಳಬೇಕಿಲ್ಲ. ದೃಶ್ಯಕ್ಕೆ ಎರಡು ವಾಕ್ಯ ಸಾಕು, ಉಳಿದದ್ದನ್ನು ಮುಖ ನೋಡಿಯೇ ಹಿಡಿಯುತ್ತಾರೆ. ಸಭೆಯ ದೃಶ್ಯ ಬಂದಾಗ ಮಾತ್ರ ನಿಲ್ಲಿಸಿ, ಯಾರು ಯಾರ ಕಡೆ ಎಂದು ಬಿಡಿಸಿ ಹೇಳಿ. ಮೊದಲ ಎರಡು ಕಂತಿನಲ್ಲಿ ಹೆಸರುಗಳು ಗೋಜಲಾಗುತ್ತವೆ, ‘ದೂರಿನ ಹುಡುಗಿ’, ‘ನಿಯಮದ ಹುಡುಗ’ ಎಂದು ಕರೆದರೆ ಆಯಿತು. ನಮ್ಮ ಅತ್ತೆಗೆ ನಾನು ಹಾಗೇ ತೋರಿಸಿದ್ದು, ಸಂಜೆ ದನ ಕಟ್ಟಿ ಬಂದ ಮೇಲೆ. ಆರನೇ ಕಂತಿನ ಹೊತ್ತಿಗೆ ಮುಂದೆ ಯಾರು ಯಾರಿಗೆ ಮತ ಹಾಕುತ್ತಾರೆಂದು ಅವರೇ ನನಗೆ ಹೇಳುತ್ತಿದ್ದರು.